ಎಂಟೂವರೆ ಇಂಚಿನ ತೂತಿನಿಂದ ಬಂಡೆ ಓದೋದು

ಎರಡೂವರೆ ಕಿಲೋಮೀಟರ್ ಆಳದ ಒಂದು ಎಣ್ಣೆ ಬಾವಿ ಕೊರೆದು ಮುಗೀತು ಅಂತ ಇಟ್ಕೊಳ್ಳಿ. ತಳದಲ್ಲಿ ತೂತಿನ ಅಗಲ ಎಂಟೂವರೆ ಇಂಚು, ಅಂದ್ರೆ ನಮ್ಮ ಮೆಸ್‌ನ ಊಟದ ತಟ್ಟೆಗಿಂತ ಚಿಕ್ಕದು. ರಿಗ್ ಬಾಡಿಗೆ ದಿನದ ಲೆಕ್ಕದಲ್ಲಿ ಏರ್ತಾ ಇದೆ. ಈಗ ಯಾರಾದ್ರೂ ಒಂದು ತೀರ್ಮಾನ ಹೇಳಬೇಕು. ಉಕ್ಕಿನ ಕೊಳವೆ, ಅಂದ್ರೆ ಕೇಸಿಂಗ್, ಇಳಿಸಿ ಸಿಮೆಂಟ್ ಹಾಕಿ ಬಾವಿಯನ್ನು ಉತ್ಪಾದನೆಗೆ ತಯಾರು ಮಾಡೋದಾ? ಇಲ್ಲಾ ಸಿಮೆಂಟ್ ತುಂಬಿ ಮುಚ್ಚಿ ಮುಂದಿನ ಜಾಗಕ್ಕೆ ಹೋಗೋದಾ? ಮೊದಲನೇದು ತಪ್ಪಾದ್ರೆ ಬರೀ ಉಪ್ಪುನೀರಿಗಾಗಿ ಕೋಟಿಗಟ್ಟಲೆ ಸುರಿದ ಹಾಗೆ. ಎರಡನೇದು ತಪ್ಪಾದ್ರೆ ಎಣ್ಣೆಯನ್ನು ಒಳಗೇ ಬಿಟ್ಟು ಬಾಗಿಲು ಹಾಕಿಕೊಂಡು ಬಂದ ಹಾಗೆ.

ಅಲ್ಲಿನ ಬಂಡೆಯನ್ನು ಯಾರೂ ಕಣ್ಣಲ್ಲಿ ನೋಡಿಲ್ಲ. ಕೈಯಲ್ಲಿರೋದು ಕೊರೆಯುವಾಗ ಕೆಸರಿನ ಜೊತೆ ಮೇಲೆ ಬಂದ ಕಲ್ಲಿನ ಚೂರು, ಮತ್ತೆ ಕೇಬಲ್‌ಗೆ ಕಟ್ಟಿ ಇಳಿಸಿದ ಉಪಕರಣಗಳು ಬರೆದ ಒಂದಷ್ಟು ಡೊಂಕು ಗೆರೆಗಳು. ಈ ಗೆರೆಗಳಿಗೆ ವೆಲ್ ಲಾಗ್ ಅಂತಾರೆ. ಅರ್ಧ ಅಡಿಗೊಂದು, ಅಂದ್ರೆ ಸುಮಾರು 15 ಸೆಂಟಿಮೀಟರಿಗೊಂದು ರೀಡಿಂಗ್. ಪೆಟ್ರೋಲಿಯಂ ನನ್ನ ಬ್ರಾಂಚ್ ಅಲ್ಲ, ನಾನು ಎಲೆಕ್ಟ್ರಾನಿಕ್ಸ್. ನನಗೆ ಈ ವಿಷಯ ಹಿಡಿಸಿದ್ದು ಇದು ಮೂಲದಲ್ಲಿ ಸೆನ್ಸರ್ ಸಮಸ್ಯೆ ಅನ್ನೋ ಕಾರಣಕ್ಕೆ. ಅದೂ ಎಂಥ ಸಮಸ್ಯೆ ಅಂದ್ರೆ, ಇಳಿಸೋ ಮುಖ್ಯ ಉಪಕರಣಗಳಲ್ಲಿ ಒಂದೂ ನಮಗೆ ಬೇಕಾದ್ದನ್ನು ನೇರವಾಗಿ ಅಳೆಯಲ್ಲ.

ಬೇಕಾಗಿರೋದು ಏನು ಅಂತ ಹೇಳೋ ಮೊದಲು ಒಂದು ಚಿತ್ರ ಅಳಿಸಿಬಿಡೋಣ. ನೆಲದಡಿ ಎಣ್ಣೆ ಕೆರೆ ಥರ ನಿಂತಿರಲ್ಲ. (ಹಾಗೆ ನಿಂತಿರೋದು ನಮ್ಮ ಮಂಗಳೂರಲ್ಲಿ ಮತ್ತು ಉಡುಪಿ ಜಿಲ್ಲೆಯ ಪಾದೂರಲ್ಲಿ. ಅಲ್ಲಿ ಗಟ್ಟಿ ಬಂಡೆ ಕೊರೆದು ಗುಹೆ ಮಾಡಿ, ದೇಶದ ತುರ್ತು ಬಳಕೆಗೆ ಅಂತ 15 ಲಕ್ಷ ಟನ್ ಮತ್ತು 25 ಲಕ್ಷ ಟನ್ ಕಚ್ಚಾ ತೈಲ ಹಿಡಿಸುವಷ್ಟು ಜಾಗ ಮಾಡಿದ್ದಾರೆ. ಅದು ಮನುಷ್ಯರು ಕಟ್ಟಿದ ಕೆರೆ.) ನಿಸರ್ಗದಲ್ಲಿ ಎಣ್ಣೆ ಇರೋದು ಮರಳುಗಲ್ಲಿನ ಕಾಳುಗಳ ನಡುವಿನ ಸಂದಿಗಳಲ್ಲಿ, ಸುಣ್ಣಕಲ್ಲಿನ ಸಣ್ಣ ಸಣ್ಣ ತೂತುಗಳಲ್ಲಿ. ಆ ಸಂದಿಗಳಲ್ಲಿ ಮೊದಲು ಇದ್ದದ್ದು ಉಪ್ಪುನೀರು. ಎಣ್ಣೆ ಆಮೇಲೆ ಬಂದು ನೀರನ್ನು ತಳ್ಳಿ ಜಾಗ ಮಾಡಿಕೊಂಡಿದೆ. ಆದ್ರೆ ನೀರು ಪೂರ್ತಿ ಹೋಗಿರಲ್ಲ, ಕಾಳುಗಳಿಗೆ ಅಂಟಿಕೊಂಡು ಸ್ವಲ್ಪ ಉಳಿದೇ ಇರುತ್ತೆ.

ಹಾಗಾಗಿ ಪ್ರಶ್ನೆ ಮೂರು. ಬಂಡೆಯಲ್ಲಿ ಖಾಲಿ ಜಾಗ ಎಷ್ಟು ಪಾಲು? ಇದು ಪೊರಾಸಿಟಿ. ಆ ಜಾಗದಲ್ಲಿ ನೀರು ಎಷ್ಟು ಪಾಲು? ಇದು ವಾಟರ್ ಸ್ಯಾಚುರೇಶನ್. ನೂರರಲ್ಲಿ ಇದನ್ನು ಕಳೆದರೆ ಎಣ್ಣೆ ಅಥವಾ ಗ್ಯಾಸ್. ಕೊನೇದು, ಎಣ್ಣೆ ಅದರೊಳಗಿಂದ ಹರಿದು ಬರುತ್ತಾ? ಇದು ಪರ್ಮಿಯಬಿಲಿಟಿ. ಪೊರಾಸಿಟಿಗೆ ‘ಸರಂಧ್ರತೆ’ ಅನ್ನೋ ಪದ ಇದೆ, ಚೆನ್ನಾಗೂ ಇದೆ. ಆದ್ರೆ ನಮ್ಮ ಕ್ಯಾಂಪಸ್ಸಲ್ಲಿ ಯಾರ ಬಾಯಲ್ಲೂ ನಾನು ಕೇಳಿಲ್ಲ, ಅದಕ್ಕೆ ಬಾಯಿಗೆ ಬರೋ ಪದವನ್ನೇ ಬರೀತಾ ಇದೀನಿ.

ಮೊದಲನೇದಕ್ಕೂ ಮೂರನೇದಕ್ಕೂ ಇರೋ ವ್ಯತ್ಯಾಸ ಮುಖ್ಯ. ಇಡ್ಲಿಯನ್ನು ಸಾಂಬಾರಿಗೆ ಹಾಕಿದ್ರೆ ಹೀರಿಕೊಳ್ಳುತ್ತೆ. ಥರ್ಮಾಕೋಲ್‌ನಲ್ಲಿ ಇಡ್ಲಿಗಿಂತ ಹೆಚ್ಚು ಗಾಳಿ ಇದೆ, ಆದ್ರೆ ಒಂದು ದಿನ ಸಾಂಬಾರಲ್ಲಿ ಮುಳುಗಿಸಿಟ್ರೂ ಒಳಗೆ ಹನಿ ಹೋಗಲ್ಲ. ತೂತು ಇದ್ರೆ ಸಾಲದು, ತೂತುಗಳು ಒಂದಕ್ಕೊಂದು ಕೂಡಿರಬೇಕು.

ಈ ವಿದ್ಯೆ ಶುರುವಾದ ದಿನ ಗೊತ್ತಿದೆ: 1927ರ ಸೆಪ್ಟೆಂಬರ್ 5. ಫ್ರಾನ್ಸಿನ ಆಲ್ಸೇಸ್ ಪ್ರಾಂತ್ಯದ ಪೆಶೆಲ್‌ಬ್ರಾನ್ ಎಣ್ಣೆ ಕ್ಷೇತ್ರದಲ್ಲಿ ಕಾನ್ರಾಡ್ ಮತ್ತು ಮಾರ್ಸೆಲ್ ಶ್ಲಂಬರ್ಜೇ ಅಣ್ಣತಮ್ಮಂದಿರ ತಂಡ, ಹೆನ್ರಿ ಡಾಲ್ ಜೊತೆಗಿದ್ದು, ಬಾವಿಯೊಳಗೆ ಎಲೆಕ್ಟ್ರೋಡ್‌ಗಳನ್ನು ಇಳಿಸಿ ಬಂಡೆಯ ರೆಸಿಸ್ಟಿವಿಟಿ ಅಳೆದರು. ಒಂದು ಆಳದಲ್ಲಿ ನಿಲ್ಲಿಸೋದು, ಅಳೆಯೋದು, ಸ್ವಲ್ಪ ಮೇಲಕ್ಕೆ ಎಳೆಯೋದು, ಮತ್ತೆ ಅಳೆಯೋದು. ಆಮೇಲೆ ಆ ಚುಕ್ಕಿಗಳನ್ನು ಕೈಯಲ್ಲೇ ಸೇರಿಸಿ ಗೆರೆ ಎಳೆದರು. ಅದೇ ಮೊದಲ ವೆಲ್ ಲಾಗ್. ಕಾನ್ರಾಡ್ ಅದಕ್ಕೂ ಮುಂಚೆ ನೆಲದ ಮೇಲೇ ಕರೆಂಟ್ ಹಾಯಿಸಿ ಭೂಮಿಯ ಒಳಗನ್ನು ಅಂದಾಜು ಮಾಡೋ ವಿಧಾನ ಕಂಡುಹಿಡಿದಿದ್ದ. ನಮ್ಮ ಕೋಲಾರ, ಚಿಕ್ಕಬಳ್ಳಾಪುರದ ಕಡೆ ಬೋರ್‌ವೆಲ್ ಪಾಯಿಂಟ್ ನೋಡೋಕೆ ಭೂವಿಜ್ಞಾನಿಗಳು ಬಂದಾಗ ಹೊಲದಲ್ಲಿ ಸಾಲಾಗಿ ನಾಲ್ಕು ಕಬ್ಬಿಣದ ಗೂಟ ನೆಟ್ಟು ಮೀಟರ್ ಇಡ್ತಾರಲ್ಲ, ಆ ಗೂಟಗಳನ್ನು ನೆಡೋ ಒಂದು ಕ್ರಮಕ್ಕೆ ಇವತ್ತಿಗೂ ಶ್ಲಂಬರ್ಜೇ ಹೆಸರೇ ಇದೆ. ಆದ್ರೆ ಹುಡುಕಾಟ ಉಲ್ಟಾ. ಬೋರ್‌ವೆಲ್‌ಗೆ ಬೇಕಾದ್ದು ರೆಸಿಸ್ಟಿವಿಟಿ ಬೀಳೋ ಜಾಗ, ಯಾಕಂದ್ರೆ ಬಿರುಕು ಬಿಟ್ಟು ನೀರು ತುಂಬಿದ ಬಂಡೆ ಗಟ್ಟಿ ಗ್ರಾನೈಟ್‌ಗಿಂತ ಚೆನ್ನಾಗಿ ಕರೆಂಟ್ ಬಿಡುತ್ತೆ. ಎಣ್ಣೆಯವರು ಹುಡುಕೋದು ರೆಸಿಸ್ಟಿವಿಟಿ ಏರೋ ಜಾಗ.

ಈಗ ಉಪಕರಣಗಳಿಗೆ ಬರೋಣ.

ಗಾಮಾ ರೇ ಲಾಗ್ ಸುಲಭದ್ದು. ಬಂಡೆಯಲ್ಲಿ ಸಹಜವಾಗಿ ಇರೋ ಪೊಟ್ಯಾಸಿಯಂ, ಥೋರಿಯಂ, ಯುರೇನಿಯಂಗಳಿಂದ ಬರೋ ವಿಕಿರಣವನ್ನು ಎಣಿಸುತ್ತೆ. ಜೇಡಿ ಬಂಡೆಯಲ್ಲಿ, ಅಂದ್ರೆ ಶೇಲ್‌ನಲ್ಲಿ, ಇವು ಜಾಸ್ತಿ. ಶುದ್ಧ ಮರಳುಗಲ್ಲು, ಸುಣ್ಣಕಲ್ಲುಗಳಲ್ಲಿ ಸಾಮಾನ್ಯವಾಗಿ ಕಡಿಮೆ. ಗೆರೆ ಎಡಕ್ಕೆ ಬಾಗಿದ್ರೆ ‘ಇಲ್ಲಿ ಸ್ವಲ್ಪ ನಿಂತು ನೋಡಿ’ ಅಂತ ಅರ್ಥ, ಅಷ್ಟೇ.

ಡೆನ್ಸಿಟಿ ಲಾಗ್‌ನಲ್ಲಿ ಸೀಸಿಯಂ-137 ಮೂಲದಿಂದ ಗಾಮಾ ಕಿರಣಗಳನ್ನು ಬಂಡೆಯೊಳಗೆ ಬಿಡ್ತಾರೆ. ಅವು ಎಲೆಕ್ಟ್ರಾನ್‌ಗಳಿಗೆ ಬಡಿದು ಚದುರುತ್ತವೆ, ವಾಪಸ್ ಎಷ್ಟು ಬಂತು ಅನ್ನೋದರಿಂದ ಬಂಡೆಯ ಒಟ್ಟು ಸಾಂದ್ರತೆ ಸಿಗುತ್ತೆ. ಅಳೆದದ್ದು ಎಲೆಕ್ಟ್ರಾನ್‌ಗಳನ್ನು, ಹೇಳಿದ್ದು ಸಾಂದ್ರತೆ, ನಮಗೆ ಬೇಕಾದ್ದು ಪೊರಾಸಿಟಿ. ಕೊನೇ ಹೆಜ್ಜೆಗೆ ಒಂದು ಸರಳ ಸೂತ್ರ ಇದೆ:

ಪೊರಾಸಿಟಿ = (ಕಾಳಿನ ಸಾಂದ್ರತೆ − ಲಾಗ್‌ನ ಸಾಂದ್ರತೆ) ÷ (ಕಾಳಿನ ಸಾಂದ್ರತೆ − ದ್ರವದ ಸಾಂದ್ರತೆ)

ಲೆಕ್ಕಕ್ಕೆ ಅಂತ ನಾನೇ ಒಂದು ಪದರ ಕಟ್ಟಿದೀನಿ: 10 ಮೀಟರ್ ದಪ್ಪ, ಲಾಗ್‌ನ ಸಾಂದ್ರತೆ 2.32, ದ್ರವದ್ದು 1.0. ಬಂಡೆ ಮರಳುಗಲ್ಲು ಅಂದುಕೊಂಡ್ರೆ ಕಾಳು ಕ್ವಾರ್ಟ್ಜ್, ಸಾಂದ್ರತೆ 2.65. ಆಗ 0.33 ಭಾಗಿಸು 1.65, ಅಂದ್ರೆ ಸರಿಯಾಗಿ 20 ಪರ್ಸೆಂಟ್. ಅದೇ ಬಂಡೆ ಸುಣ್ಣಕಲ್ಲಾಗಿದ್ರೆ ಕಾಳಿನ ಸಾಂದ್ರತೆ 2.71, ಪೊರಾಸಿಟಿ 22.8 ಪರ್ಸೆಂಟ್. ಡಾಲಮೈಟ್ ಆಗಿದ್ರೆ 2.87, ಪೊರಾಸಿಟಿ 29.4! ಉಪಕರಣ ಕೊಟ್ಟ ಸಂಖ್ಯೆ ಒಂದೇ. ಬದಲಾಗಿದ್ದು ನಾವು ಬಂಡೆಗೆ ಇಟ್ಟ ಹೆಸರು. ಪಾಠಪುಸ್ತಕದಲ್ಲಿ ಸೂತ್ರಕ್ಕೆ ಒಂದು ಪುಟ ಕೊಟ್ಟು ಈ ಮಾತಿಗೆ ಒಂದು ಸಾಲು ಕೊಡ್ತಾರೆ. ಉಲ್ಟಾ ಇರಬೇಕಿತ್ತು ಅನ್ಸುತ್ತೆ.

ಇನ್ನೊಂದು ಕಷ್ಟ ಇದೆ. ಈ ಉಪಕರಣ ಬಾವಿಯ ಗೋಡೆಗೆ ಒತ್ತಿಕೊಂಡು ಕೆಲವೇ ಇಂಚು ಒಳಗೆ ನೋಡುತ್ತೆ. ಗೋಡೆ ಕುಸಿದು ಗುಳಿ ಬಿದ್ದಿದ್ರೆ ಅದು ಅಳೆಯೋದು ಗುಳಿಯಲ್ಲಿ ತುಂಬಿದ ಕೆಸರನ್ನು. ಆಗ ಸಾಂದ್ರತೆ ಕಡಿಮೆ ಬಂದು, ಸೂತ್ರ ಖುಷಿಯಾಗಿ ‘ಭಾರೀ ಪೊರಾಸಿಟಿ’ ಅನ್ನುತ್ತೆ. ಅದಕ್ಕೇ ತೂತಿನ ಅಗಲ ಅಳೆಯೋ ಕ್ಯಾಲಿಪರ್ ಗೆರೆಯನ್ನು ಮೊದಲು ನೋಡದೆ ಡೆನ್ಸಿಟಿ ಗೆರೆ ನಂಬಬಾರದು.

ನ್ಯೂಟ್ರಾನ್ ಲಾಗ್ ಅರ್ಥ ಮಾಡಿಕೊಳ್ಳೋಕೆ ಗೋಲಿ ಆಡಿದ್ರೆ ಸಾಕು. ನಿಮ್ಮ ಗೋಲಿ ಅಷ್ಟೇ ಗಾತ್ರದ ಇನ್ನೊಂದು ಗೋಲಿಗೆ ನೇರ ಹೊಡೆದ್ರೆ ನಿಮ್ಮದು ಅಲ್ಲೇ ನಿಲ್ಲುತ್ತೆ, ಅದು ಓಡುತ್ತೆ. ದೊಡ್ಡ ಕಲ್ಲಿಗೆ ಹೊಡೆದ್ರೆ ವೇಗ ಹೆಚ್ಚುಕಮ್ಮಿ ಉಳಿಸಿಕೊಂಡು ವಾಪಸ್ ಪುಟಿಯುತ್ತೆ. ನ್ಯೂಟ್ರಾನ್‌ಗೆ ಸಮತೂಕದ ಗೋಲಿ ಅಂದ್ರೆ ಹೈಡ್ರೋಜನ್. ಸಿಲಿಕಾನ್, ಕ್ಯಾಲ್ಸಿಯಂ ಎಲ್ಲ ದೊಡ್ಡ ಕಲ್ಲುಗಳು. ನ್ಯೂಟ್ರಾನ್‌ಗಳು ಬೇಗ ನಿಧಾನ ಆದ್ರೆ ಹೈಡ್ರೋಜನ್ ಜಾಸ್ತಿ ಇದೆ. ಹೈಡ್ರೋಜನ್ ನೀರಿನಲ್ಲೂ ಎಣ್ಣೆಯಲ್ಲೂ ಇರುತ್ತೆ, ಅವು ಇರೋದು ಸಂದಿಗಳಲ್ಲಿ, ಹಾಗಾಗಿ ಪೊರಾಸಿಟಿ ಜಾಸ್ತಿ ಅಂತ ತರ್ಕ.

ತರ್ಕ ಎರಡು ಕಡೆ ಮುರಿಯುತ್ತೆ, ಮತ್ತು ನನಗೆ ಇಡೀ ವಿಷಯದಲ್ಲಿ ತುಂಬಾ ಇಷ್ಟವಾದ ಭಾಗ ಇದೇ. ಶೇಲ್‌ನಲ್ಲಿ ಜೇಡಿಗೆ ಅಂಟಿಕೊಂಡ ನೀರಿದೆ. ಅದನ್ನೂ ನ್ಯೂಟ್ರಾನ್ ಲಾಗ್ ಎಣಿಸಿ, ಇಲ್ಲದ ಪೊರಾಸಿಟಿ ತೋರಿಸುತ್ತೆ. ಗ್ಯಾಸ್ ಇರೋ ಕಡೆ ಇದರ ವಿರುದ್ಧ. ಗ್ಯಾಸ್‌ನ ಅಣುಗಳು ದೂರ ದೂರ, ಹೈಡ್ರೋಜನ್ ವಿರಳ, ನ್ಯೂಟ್ರಾನ್ ಲಾಗ್ ‘ಇಲ್ಲಿ ಜಾಗವೇ ಇಲ್ಲ’ ಅನ್ನುತ್ತೆ. ಆದ್ರೆ ಗ್ಯಾಸ್ ಹಗುರ ಆದ್ದರಿಂದ ಡೆನ್ಸಿಟಿ ಲಾಗ್ ‘ಜಾಗ ಬೇಕಾದಷ್ಟಿದೆ’ ಅನ್ನುತ್ತೆ. ಒಂದೇ ಬಂಡೆಗೆ ಒಂದು 10 ಪರ್ಸೆಂಟ್ ಅಂತು, ಇನ್ನೊಂದು 26 ಅಂತು ಅಂದುಕೊಳ್ಳಿ. ಎರಡೂ ಸುಳ್ಳು, ಆದ್ರೆ ಸುಳ್ಳು ಹೇಳಿದ ದಿಕ್ಕು ನೋಡಿದ್ರೆ ಅಲ್ಲಿ ಗ್ಯಾಸ್ ಇದೆ ಅಂತ ಗೊತ್ತಾಗುತ್ತೆ. ಎರಡರ ವರ್ಗಗಳ ಸರಾಸರಿ ತೆಗೆದು ವರ್ಗಮೂಲ ಹಾಕಿದ್ರೆ ಪೊರಾಸಿಟಿಗೆ ಒಂದು ಒರಟು ಅಂದಾಜು ಸಿಗುತ್ತೆ. ಇಲ್ಲಿ ಅದು 19.7. ಹೌದು, ನಮ್ಮ ಆರ್‌ಎಂಎಸ್!

ಇನ್ನು ದೊಡ್ಡ ಪ್ರಶ್ನೆ. ಸಂದಿಯಲ್ಲಿರೋದು ನೀರಾ, ಎಣ್ಣೆಯಾ? ಕ್ವಾರ್ಟ್ಜ್ ಕಾಳು ಕರೆಂಟ್ ಬಿಡಲ್ಲ, ಎಣ್ಣೆ ಬಿಡಲ್ಲ, ಉಪ್ಪುನೀರು ಮಾತ್ರ ಬಿಡುತ್ತೆ. ಹಾಗಾಗಿ ರೆಸಿಸ್ಟಿವಿಟಿ ನೋಡಿದ್ರೆ ನೀರು ಎಷ್ಟಿದೆ ಅಂತ ತಿಳೀಬೇಕು. ಇದಕ್ಕೆ ಸಂಖ್ಯೆಯ ರೂಪ ಕೊಟ್ಟವರು ಶೆಲ್ ಕಂಪನಿಯಲ್ಲಿದ್ದ ಗಸ್ ಆರ್ಚಿ. 1942ರಲ್ಲಿ ಪ್ರಕಟವಾದ ಅವರ ಲೇಖನದ ಹಿಂದೆ ದೊಡ್ಡ ಸಿದ್ಧಾಂತ ಏನಿರಲಿಲ್ಲ. ಮರಳುಗಲ್ಲಿನ ತುಂಡುಗಳನ್ನು ಉಪ್ಪುನೀರಲ್ಲಿ ನೆನೆಸಿ ಅಳೆದ ಪ್ರಯೋಗದ ಚುಕ್ಕಿಗಳನ್ನು ಲಾಗ್-ಲಾಗ್ ಕಾಗದದ ಮೇಲೆ ಹಾಕಿ, ಗೆರೆ ಎಳೆದು, ಅದರ ಇಳಿಜಾರನ್ನು ಓದಿದರು. ನಾವು ಫಸ್ಟ್ ಇಯರ್ ಲ್ಯಾಬಲ್ಲಿ ಮಾಡೋದೇ. ಪೆಟ್ರೋಫಿಸಿಕ್ಸ್ ಅನ್ನೋ ಹೆಸರನ್ನು ಚಾಲ್ತಿಗೆ ತಂದವರೂ ಅವರೇ.

ಅವರ ಸೂತ್ರವನ್ನು ಮಾತಲ್ಲಿ ಹೇಳ್ತೀನಿ. ಪೂರ್ತಿ ನೀರು ತುಂಬಿದ ಬಂಡೆಯ ರೆಸಿಸ್ಟಿವಿಟಿ ಬೇಕಾದ್ರೆ ನೀರಿನ ರೆಸಿಸ್ಟಿವಿಟಿಯನ್ನು ಪೊರಾಸಿಟಿಯ ವರ್ಗದಿಂದ ಭಾಗಿಸಿ. ಆಮೇಲೆ ಆ ಸಂಖ್ಯೆಯನ್ನು ಲಾಗ್ ತೋರಿಸಿದ ರೆಸಿಸ್ಟಿವಿಟಿಯಿಂದ ಭಾಗಿಸಿ ವರ್ಗಮೂಲ ತೆಗೀರಿ. ಬಂದದ್ದು ವಾಟರ್ ಸ್ಯಾಚುರೇಶನ್. ನಮ್ಮ ಪದರಕ್ಕೆ ಹಾಕಿ ನೋಡೋಣ. ಪೊರಾಸಿಟಿ 0.20, ವರ್ಗ 0.04. ನೀರಿನ ರೆಸಿಸ್ಟಿವಿಟಿ 0.04 ಓಮ್-ಮೀಟರ್. ಅಲ್ಲಿಗೆ ಪೂರ್ತಿ ನೀರಿದ್ದಿದ್ರೆ ಲಾಗ್ 1 ಓಮ್-ಮೀಟರ್ ತೋರಿಸಬೇಕಿತ್ತು. ತೋರಿಸ್ತಾ ಇರೋದು 20. ಒಂದು ಭಾಗಿಸು ಇಪ್ಪತ್ತರ ವರ್ಗಮೂಲ 0.22. ನೀರು 22 ಪರ್ಸೆಂಟ್, ಉಳಿದ 78 ಎಣ್ಣೆ.

ಈ 0.04 ಎಲ್ಲಿಂದ ಬಂತು ಅಂತ ನೀವು ಕೇಳಬೇಕು. ಪುಣ್ಯಕ್ಕೆ ಅದೇ ಬಾವಿಯಲ್ಲಿ ಕೆಳಗೆ ಬರೀ ನೀರಿರೋ ಮರಳುಗಲ್ಲು ಸಿಕ್ಕರೆ ಸೂತ್ರವನ್ನು ತಿರುಗಿಸಬಹುದು: ಅಲ್ಲಿನ ರೆಸಿಸ್ಟಿವಿಟಿಯನ್ನು ಪೊರಾಸಿಟಿಯ ವರ್ಗದಿಂದ ಗುಣಿಸಿದ್ರೆ ನೀರಿನದ್ದು ಸಿಗುತ್ತೆ. ಸಿಗದಿದ್ರೆ ಪಕ್ಕದ ಬಾವಿಯಿಂದ ತಂದ ನೀರಿನ ಮಾದರಿ, ಅದೂ ಇಲ್ಲದಿದ್ರೆ ಅಂದಾಜು. ನೀರು ನಾವಂದುಕೊಂಡಷ್ಟು ಉಪ್ಪಲ್ಲ, ನಿಜವಾದ ಸಂಖ್ಯೆ 0.16 ಅಂತಾದ್ರೆ ಏನಾಗುತ್ತೆ? ವಾಟರ್ ಸ್ಯಾಚುರೇಶನ್ 22 ಅಲ್ಲ, 45. ನಮ್ಮ 10 ಮೀಟರ್ ಪದರ ಒಂದು ಚದರ ಕಿಲೋಮೀಟರ್ ಹರಡಿದೆ ಅಂತ ಇಟ್ಟುಕೊಂಡು, ಎಣ್ಣೆ ಮೇಲೆ ಬರುವಾಗ ಕರಗಿದ ಗ್ಯಾಸ್ ಬಿಟ್ಟು 1.2 ಪಟ್ಟು ಕುಗ್ಗುತ್ತೆ ಅಂತ ಲೆಕ್ಕ ಹಾಕಿದ್ರೆ, ಬಂಡೆಯಲ್ಲಿರೋ ಎಣ್ಣೆ ಮೊದಲ ಲೆಕ್ಕಕ್ಕೆ ಸುಮಾರು 81 ಲಕ್ಷ ಬ್ಯಾರಲ್. ಎರಡನೇ ಲೆಕ್ಕಕ್ಕೆ 58 ಲಕ್ಷ. ಮಾಯವಾದ 23 ಲಕ್ಷ ಬ್ಯಾರಲ್ ನೆಲದಡಿ ಯಾವತ್ತೂ ಇರಲೇ ಇಲ್ಲ, ನಮ್ಮ ಸ್ಪ್ರೆಡ್‌ಶೀಟಲ್ಲಿ ಮಾತ್ರ ಇತ್ತು.

ವಿರುದ್ಧದ ಮೋಸವೂ ಇದೆ. ಜೇಡಿ ತಾನೇ ಸ್ವಲ್ಪ ಕರೆಂಟ್ ಬಿಡುತ್ತೆ. ತೆಳ್ಳಗೆ ಜೇಡಿ ಹರಡಿರೋ ಮರಳುಗಲ್ಲಲ್ಲಿ ಎಣ್ಣೆ ಇದ್ದರೂ ರೆಸಿಸ್ಟಿವಿಟಿ ಏರಲ್ಲ, ಆರ್ಚಿ ಸೂತ್ರ ‘ನೀರು’ ಅಂದುಬಿಡುತ್ತೆ. ಅದನ್ನೇ ನಂಬಿದ್ರೆ ಎಣ್ಣೆ ಇರೋ ಪದರವನ್ನು ದಾಟಿ ಹೋಗಿಬಿಡಬಹುದು. ಈ ಜೇಡಿಯ ಪಾಲನ್ನು ಲೆಕ್ಕಕ್ಕೆ ಸೇರಿಸೋ ವ್ಯಾಕ್ಸ್‌ಮನ್-ಸ್ಮಿಟ್ಸ್ ಸೂತ್ರ ಬಂದದ್ದು 1968ರಲ್ಲಿ.

ಮೇಲಿನ ಲೆಕ್ಕದಲ್ಲಿ ‘ವರ್ಗ’ ಅಂದೆನಲ್ಲ, ಅದೂ ಕಲ್ಲಲ್ಲಿ ಕೆತ್ತಿದ ಸಂಖ್ಯೆ ಅಲ್ಲ. ಗಟ್ಟಿ ಮರಳುಗಲ್ಲಿಗೆ ಆರ್ಚಿ ಕಂಡದ್ದು 1.8ರಿಂದ 2, ಸಡಿಲ ಮರಳಿಗೆ 1.3ರ ಹತ್ತಿರ. ಸುಣ್ಣಕಲ್ಲಿಗೆ ಬಂದ್ರೆ ಆಟವೇ ಬೇರೆ. ನಮ್ಮ ದೇಶದ ದೊಡ್ಡ ಉದಾಹರಣೆ ಮುಂಬೈ ಹೈ. ಮುಂಬೈಯಿಂದ ಸುಮಾರು 160 ಕಿಲೋಮೀಟರ್ ದೂರದ ಸಮುದ್ರದಲ್ಲಿ, ಸಾಗರ್ ಸಮ್ರಾಟ್ ರಿಗ್ 1974ರಲ್ಲಿ ಕೊರೆದಾಗ ಎಣ್ಣೆ ಸಿಕ್ಕ ಕ್ಷೇತ್ರ. ಅಲ್ಲಿನ ಮುಖ್ಯ ಪದರ ಎಲ್-3 ಅನ್ನೋ ಸುಣ್ಣಕಲ್ಲು. ಸುಣ್ಣಕಲ್ಲು ಹುಟ್ಟೋದು ಸಮುದ್ರಜೀವಿಗಳ ಚಿಪ್ಪುಗಳಿಂದ, ಆಮೇಲೆ ನೀರು ಅದನ್ನು ಅಲ್ಲಲ್ಲಿ ಕರಗಿಸುತ್ತೆ. ಚಿಪ್ಪು ಕರಗಿ ಉಳಿದ ತೂತುಗಳು ಒಂಟಿಯಾಗಿ ನಿಂತಿದ್ರೆ ಡೆನ್ಸಿಟಿ ಲಾಗ್ ಅವನ್ನು ಎಣಿಸುತ್ತೆ, ಆದ್ರೆ ಕರೆಂಟ್‌ಗೆ ದಾರಿ ಇಲ್ಲ. ಅಂಥ ಬಂಡೆಯಲ್ಲಿ ವರ್ಗದ 2 ಅನ್ನೋ ಘಾತ 2.5 ಅಥವಾ ಅದಕ್ಕೂ ಮೇಲೆ ಹೋಗಬಹುದು. ನಮ್ಮ ಪದರಕ್ಕೆ 2.5 ಹಾಕಿದ್ರೆ 22 ಇದ್ದ ನೀರು 33 ಆಗುತ್ತೆ. ರೆಸಿಸ್ಟಿವಿಟಿ ಜಾಸ್ತಿ ಇದ್ದದ್ದು ಎಣ್ಣೆಯಿಂದಲಾ, ದಾರಿ ಮುಚ್ಚಿದ್ದರಿಂದಲಾ ಅಂತ ಆ ಗೆರೆ ಒಂದೇ ಹೇಳಲಾರದು. ಹೇಳೋದು ಬಂಡೆಯ ತುಂಡು ಮಾತ್ರ.

ಆ ತುಂಡಿಗೆ ಕೋರ್ ಅಂತಾರೆ. ಮಧ್ಯೆ ಟೊಳ್ಳಿರೋ ವಿಶೇಷ ಬಿಟ್‌ನಿಂದ ಬಂಡೆಯನ್ನು ಕಂಬದ ಹಾಗೆ ಕೊರೆದು ಮೇಲೆ ತರೋದು. ತುಂಬಾ ನಿಧಾನ, ತುಂಬಾ ದುಬಾರಿ, ಹಾಗಾಗಿ ಕೆಲವೇ ಬಾವಿಗಳಲ್ಲಿ, ಕೆಲವೇ ಮೀಟರ್. ಪರ್ಮಿಯಬಿಲಿಟಿಗಂತೂ ಕೋರ್ ಇಲ್ಲದೆ ಗತಿ ಇಲ್ಲ, ಯಾಕಂದ್ರೆ ಅದನ್ನು ನೇರ ಅಳೆಯೋ ಲಾಗ್ ಇಲ್ಲ. ಅದರ ಅಳತೆಗೆ ಹೆಸರು ಕೊಟ್ಟ ಹೆನ್ರಿ ಡಾರ್ಸಿ ಎಣ್ಣೆಯವನೇ ಅಲ್ಲ. ಫ್ರಾನ್ಸಿನ ಡಿಜಾನ್ ಊರಿಗೆ ಕುಡಿಯೋ ನೀರು ತಂದ ಸಿವಿಲ್ ಎಂಜಿನಿಯರ್. ಮರಳಿನ ಫಿಲ್ಟರ್‌ನಲ್ಲಿ ನೀರು ಎಷ್ಟು ಬೇಗ ಇಳಿಯುತ್ತೆ ಅಂತ ಅಳೆದು 1856ರಲ್ಲಿ ತನ್ನ ನಿಯಮ ಪ್ರಕಟಿಸಿದ. (ಸಿವಿಲ್ ಗೆಳೆಯರು ಕಾಲರ್ ಎತ್ತಿಕೊಳ್ಳಬಹುದು.) ಕೋರ್‌ನಿಂದ ಸಣ್ಣ ಸಣ್ಣ ಸಿಲಿಂಡರ್ ತೆಗೆದು, ಪೊರಾಸಿಟಿ ಮತ್ತು ಪರ್ಮಿಯಬಿಲಿಟಿ ಎರಡೂ ಅಳೆದು ಗ್ರಾಫ್ ಹಾಕ್ತಾರೆ, ಪರ್ಮಿಯಬಿಲಿಟಿ ಲಾಗ್ ಸ್ಕೇಲಲ್ಲಿ. ಚುಕ್ಕಿಗಳ ಮೋಡದ ನಡುವೆ ಒಂದು ಗೆರೆ ಎಳೆದು, ಕೋರ್ ಇಲ್ಲದ ಬಾವಿಗಳಿಗೂ ಅದನ್ನೇ ಹಚ್ಚುತ್ತಾರೆ. ಆ ಮೋಡ ಎಷ್ಟು ದಪ್ಪ ಇರುತ್ತೆ ಅಂದ್ರೆ ಒಂದೇ ಪೊರಾಸಿಟಿಗೆ ಪರ್ಮಿಯಬಿಲಿಟಿ ಹತ್ತು ಪಟ್ಟು ಅತ್ತಿತ್ತ ಆಗೋದು ಮಾಮೂಲು. ರಾಜಸ್ಥಾನದ ಬಾರ್ಮೇರ್‌ನಲ್ಲಿ 2004ರಲ್ಲಿ ಸಿಕ್ಕ ಮಂಗಲಾ ಕ್ಷೇತ್ರದ ಫತೇಗಢ ಮರಳುಗಲ್ಲಿನಂಥ ಒಳ್ಳೇ ಬಂಡೆಯಲ್ಲಿ ಅಳತೆ ಡಾರ್ಸಿಗಳಲ್ಲೇ ಇರುತ್ತೆ. ಬಿಗಿಯಾದ ಬಂಡೆಯಲ್ಲಿ ಒಂದು ಡಾರ್ಸಿಯ ಸಾವಿರದಲ್ಲೊಂದು ಭಾಗವೂ ಇರಲ್ಲ.

ಸರಾಸರಿ ತೆಗೆಯೋದರಲ್ಲೂ ಹುಷಾರಾಗಿರಬೇಕು. ಸಮ ದಪ್ಪದ ಮೂರು ಪದರ: 500, 500, ಮತ್ತೆ ಮಧ್ಯದಲ್ಲಿ 0.1 ಮಿಲಿಡಾರ್ಸಿಯ ಶೇಲ್. ಎಣ್ಣೆ ಅಡ್ಡಲಾಗಿ ಹರಿದ್ರೆ ಪದರಗಳು ಪ್ಯಾರಲಲ್‌ನಲ್ಲಿವೆ, ಸರಾಸರಿ 333. ನೇರ ಮೇಲಕ್ಕೆ ಹರಿದ್ರೆ ಸೀರೀಸ್, ಸರಾಸರಿ 0.3. ಒಂದೇ ಬಂಡೆ, ಸಾವಿರ ಪಟ್ಟು ವ್ಯತ್ಯಾಸ. ಮುಂಬೈ ಹೈ ಸುಣ್ಣಕಲ್ಲಿನ ಪದರಗಳ ನಡುವೆಯೂ ಇಂಥ ತೆಳು ಶೇಲ್‌ಗಳಿವೆ, ಹಾಗಾಗಿ ಒಂದು ಪದರಕ್ಕೆ ನೀರು ತುಂಬಿಸಿ ಎಣ್ಣೆ ತಳ್ಳಿದ್ರೆ ಪಕ್ಕದ ಪದರಕ್ಕೂ ತಲುಪಿತು ಅಂತ ಹೇಳೋಕಾಗಲ್ಲ.

ಕಂಪ್ಯೂಟರ್ ಸೈನ್ಸ್‌ನವರು ಇಲ್ಲಿಗೆ ಕಾಯ್ತಾ ಇರ್ತೀರ ಅಂತ ಗೊತ್ತು: ‘ಇದನ್ನೆಲ್ಲ ಮಾಡೆಲ್‌ಗೆ ಕೊಟ್ಟುಬಿಡಬಹುದಲ್ಲ?’ ಕೊಡಬಹುದು, ಕೊಡ್ತಾನೂ ಇದ್ದಾರೆ. ಅಭ್ಯಾಸಕ್ಕೆ ಡೇಟಾ ಕೂಡ ಪುಕ್ಕಟೆ ಸಿಗುತ್ತೆ. ನಾರ್ವೆಯ ಈಕ್ವಿನಾರ್ ಕಂಪನಿ ಉತ್ತರ ಸಮುದ್ರದಲ್ಲಿ 2008ರಿಂದ 2016ರವರೆಗೆ ನಡೆಸಿದ ವೋಲ್ವ್ ಕ್ಷೇತ್ರದ ಸುಮಾರು 40,000 ಫೈಲ್‌ಗಳನ್ನು 2018ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟಿತು. ಲಾಗ್‌ಗಳು ಲಾಸ್ ಅನ್ನೋ ಸಾದಾ ಟೆಕ್ಸ್ಟ್ ರೂಪದಲ್ಲಿ ಸಿಗುತ್ತವೆ, ಪೈಥಾನ್‌ನ ಲಾಸಿಯೋ ಲೈಬ್ರರಿ ಎರಡು ಸಾಲಲ್ಲಿ ಓದುತ್ತೆ. ಒಂದು ಬಲೆ ಮಾತ್ರ ಹೇಳಿಬಿಡ್ತೀನಿ. ಎಲ್ಲ ಬಾವಿಗಳ ಸಾಲುಗಳನ್ನು ಕಲಸಿ, ಯಾದೃಚ್ಛಿಕವಾಗಿ ಶೇಕಡಾ 20 ಟೆಸ್ಟ್‌ಗೆ ತೆಗೆದಿಟ್ರೆ ಸ್ಕೋರ್ ಬೆಟ್ಟದಷ್ಟು ಬರುತ್ತೆ. ಯಾಕಂದ್ರೆ ಟೆಸ್ಟ್‌ನ ಬಹುತೇಕ ಪ್ರತಿ ಸಾಲಿಗೂ 15 ಸೆಂಟಿಮೀಟರ್ ಮೇಲಿನ ಅಥವಾ ಕೆಳಗಿನ ಸಾಲು ಟ್ರೈನಿಂಗಲ್ಲಿ ಇರುತ್ತೆ, ಮತ್ತು ಅಷ್ಟರಲ್ಲಿ ಬಂಡೆ ಬದಲಾಗಿರಲ್ಲ. ಪ್ರಶ್ನೆಪತ್ರಿಕೆಯ ಪಕ್ಕದಲ್ಲೇ ಉತ್ತರ ಇಟ್ಟ ಹಾಗೆ. ಒಂದು ಇಡೀ ಬಾವಿಯನ್ನು ಬಚ್ಚಿಟ್ಟು ಟೆಸ್ಟ್ ಮಾಡಿ, ಆಗ ಸ್ಕೋರ್ ಎಲ್ಲಿಗೆ ಇಳಿಯುತ್ತೆ ನೋಡಿ.

ಮಾಡೆಲ್‌ಗೂ ಮುಂಚೆ ಒಂದು ಸಂಜೆ ಕೈಯಲ್ಲೇ ಮಾಡಿ ನೋಡಿ. ವೋಲ್ವ್‌ನ ಒಂದು ಬಾವಿ ತೆಗೆದು ಗಾಮಾ, ಕ್ಯಾಲಿಪರ್, ಡೆನ್ಸಿಟಿ, ನ್ಯೂಟ್ರಾನ್, ರೆಸಿಸ್ಟಿವಿಟಿ ಐದನ್ನೂ ಅಕ್ಕಪಕ್ಕ ಪ್ಲಾಟ್ ಮಾಡಿ. ಎಣ್ಣೆ ಇರೋ ಪದರದ ಹೆಸರು ಹುಗಿನ್, ಮರಳುಗಲ್ಲು. ಗಾಮಾ ಬೀಳೋ ಕಡೆ ಹುಡುಕಿ. ಕೆಳಗೆ ನೀರಿರೋ ಮರಳುಗಲ್ಲು ಕಾಣುತ್ತಾ ನೋಡಿ, ಕಂಡ್ರೆ ಅದರಿಂದ ನೀರಿನ ರೆಸಿಸ್ಟಿವಿಟಿ ತೆಗೀರಿ. ಆಮೇಲೆ ಕೋರ್ ಅಳತೆ ಇರೋ ಆಳಗಳಲ್ಲಿ ನಿಮ್ಮ ಪೊರಾಸಿಟಿಯ ಮೇಲೆ ಕೋರ್‌ನ ಚುಕ್ಕಿಗಳನ್ನು ಹಾಕಿ. ಗೆರೆಯೂ ಚುಕ್ಕಿಯೂ ಒಂದೆರಡು ಮೀಟರ್ ಮೇಲೆ ಕೆಳಗೆ ಆಗಿದ್ರೆ ಗಾಬರಿ ಬೇಡ. ಕೇಬಲ್ ತೋರಿಸೋ ಆಳಕ್ಕೂ ಕೊರೆಯೋ ಪೈಪ್‌ಗಳನ್ನು ಎಣಿಸಿ ಬಂದ ಆಳಕ್ಕೂ ಪೂರ್ತಿ ತಾಳೆ ಬರೋದು ಅಪರೂಪ. ಮೊದಲು ಅದನ್ನು ಸರಿಸಿ, ಆಮೇಲೆ ಕಾಳಿನ ಸಾಂದ್ರತೆ ಬದಲಾಯಿಸೋಕೆ ಹೋಗಿ.